ಸೋರಬೇಕು, ಆದರೆ ಲೆಕ್ಕದಲ್ಲಿ: ಮಕ್ಕಳು ಕಟ್ಟುವ ಹೋವರ್‌ಕ್ರಾಫ್ಟ್ ಓಡುವುದು ಹೇಗೆ?

"ಚಿಕ್ಕಪ್ಪ, ಮನೇಲಿ ಕಡ್ಡಿ ಮುರಿದ ಕೊಡೆ ಇದ್ಯಾ? ಎಷ್ಟಿದ್ರೂ ಬೇಕು."

ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಅಣ್ಣನ ಮಗಳು ಫೋನ್ ಮಾಡಿ ಹೀಗೆ ಕೇಳಿದಳು. ಮಲೆನಾಡಿನ ಮನೆಯಲ್ಲಿ ಮುರಿದ ಕೊಡೆಗೇನು ಬರ? ಅಟ್ಟ ಹುಡುಕಿದರೆ ಐದು ಸಿಕ್ಕವು. ಶನಿವಾರ ಬೆಳಿಗ್ಗೆ ಅವಳು ಮೂವರು ಗೆಳೆಯರನ್ನು ಕಟ್ಟಿಕೊಂಡು ತೀರ್ಥಹಳ್ಳಿ ಬಸ್ಸಿನಲ್ಲಿ ಬಂದಿಳಿದಳು. ಜೊತೆಗೆ ಥರ್ಮಾಕೋಲ್ ಹಲಗೆ, ಎರಡು ಪುಟ್ಟ ಮೋಟಾರು, ಒಂದು ರಿಮೋಟು, ಚೀಲದ ತುಂಬ ವೈರು. ಕಾಲೇಜು ತಂಡಗಳಿಗೆ ಹೋವರ್‌ಕ್ರಾಫ್ಟ್ ಸ್ಪರ್ಧೆಯಂತೆ. ಕೊಯ್ಲು ಮುಗಿದು ನಮ್ಮ ಅಡಿಕೆ ಅಂಗಳ ಖಾಲಿ ಇತ್ತು. ಪ್ರಯೋಗ ಮಾಡಲು ಅವರಿಗೆ ಅದು ಬೇಕಿತ್ತು.

ಅಮ್ಮ ಜಗಲಿಯಲ್ಲಿ ಕೂತು ಎಲ್ಲ ನೋಡುತ್ತಿದ್ದರು. ಕೊನೆಗೆ ಕೇಳಿದರು: "ಇದು ಹಾರೋದಾ, ತೇಲೋದಾ?"

ಮನೆಯ ಮಕ್ಕಳು ರಾತ್ರಿಯೆಲ್ಲ ಥರ್ಮಾಕೋಲ್ ಕೊಯ್ಯುತ್ತಾ ಕೂತಾಗ ಎಷ್ಟೋ ಅಪ್ಪ-ಅಮ್ಮಂದಿರಿಗೆ ಬರುವ ಪ್ರಶ್ನೆಯೂ ಇದೇ. ಅಲ್ಲಿಂದಲೇ ಶುರು ಮಾಡೋಣ.

## ಹಾರುವುದೂ ಅಲ್ಲ, ತೇಲುವುದೂ ಅಲ್ಲ

ಚಿಕ್ಕಂದಿನಲ್ಲಿ ಅಡಿಕೆ ಹಾಳೆಯ ಮೇಲೆ ಒಬ್ಬರನ್ನು ಕೂರಿಸಿ ಎಳೆದು ಆಡಿದ್ದೇವಲ್ವಾ? ಹಾಳೆ ನುಣುಪಾಗಿದ್ದರೂ ಎಳೆಯುವವರಿಗೆ ಏದುಸಿರು ಬರುತ್ತಿತ್ತು. ಹಾಳೆಗೂ ನೆಲಕ್ಕೂ ಉಜ್ಜಾಟ ಇರುತ್ತದೆ. ಇದೇ ಘರ್ಷಣೆ. ಆ ಹಾಳೆ ನೆಲದಿಂದ ಒಂದು ಕೂದಲೆಳೆಯಷ್ಟು ಮೇಲೆದ್ದು ನಿಂತಿದ್ದರೆ? ಬೆರಳಲ್ಲಿ ದೂಡಿದರೂ ಸಾಕಿತ್ತು.

ಹೋವರ್‌ಕ್ರಾಫ್ಟ್ ಮಾಡುವುದು ಇಷ್ಟೇ. ತನ್ನ ಹೊಟ್ಟೆಯ ಕೆಳಗೆ ತಾನೇ ಗಾಳಿ ತುಂಬಿಕೊಂಡು, ಆ ಗಾಳಿಯ ಹಾಸಿಗೆಯ ಮೇಲೆ ಕೂತು ಜಾರುತ್ತದೆ. ಚಕ್ರ ಇಲ್ಲ, ರೆಕ್ಕೆ ಇಲ್ಲ. ಇಂಥದ್ದೇ ಒಂದನ್ನು ನಾವು ದಿನಾ ಅಡುಗೆಮನೆಯಲ್ಲಿ ನೋಡುತ್ತೇವೆ. ಚೆನ್ನಾಗಿ ಕಾದ ದೋಸೆ ಕಾವಲಿಯ ಮೇಲೆ ನೀರು ಚಿಮುಕಿಸಿದರೆ ಹನಿಗಳು ತಕ್ಷಣ ಆರುವುದಿಲ್ಲ. ಗುಂಡಗಾಗಿ ಆಚೆ ಈಚೆ ಓಡುತ್ತವೆ. ಹನಿಯ ತಳ ಮಾತ್ರ ಆವಿಯಾಗಿ, ಆ ಆವಿ ಹನಿಯನ್ನು ಕಾವಲಿಗೆ ಮುಟ್ಟದಂತೆ ಎತ್ತಿ ಹಿಡಿದಿರುತ್ತದೆ. ಹನಿಗೆ ಆವಿಯ ಹಾಸಿಗೆ, ಹೋವರ್‌ಕ್ರಾಫ್ಟಿಗೆ ಗಾಳಿಯ ಹಾಸಿಗೆ.

ದೋಣಿಗೂ ಇದಕ್ಕೂ ಏನು ವ್ಯತ್ಯಾಸ? ಸಿಗಂದೂರಿನ ಲಾಂಚ್ ನೆನಪು ಮಾಡಿಕೊಳ್ಳಿ. 2025ರ ಜುಲೈನಲ್ಲಿ ಸೇತುವೆ ತೆರೆಯುವವರೆಗೂ ಶರಾವತಿ ಹಿನ್ನೀರು ದಾಟಲು ಜನ ಅದನ್ನೇ ನಂಬಿದ್ದರು. ಲಾಂಚಿನ ತಳ ನೀರೊಳಗೆ ಮುಳುಗಿರುತ್ತದೆ. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಅದರಲ್ಲಿ ವಾಹನ ಹತ್ತಿಸುವುದನ್ನು ನಿಲ್ಲಿಸಿದ್ದೂ ಉಂಟು. ಹೋವರ್‌ಕ್ರಾಫ್ಟಿಗೆ ಹೀಗೆ ಆಳ ಬೇಕಿಲ್ಲ. ನೀರು, ಕೆಸರು, ಮರಳು, ಹುಲ್ಲು ಎಲ್ಲದರ ಮೇಲೂ ಅದು ಒಂದೇ ಥರ ಹೋಗುತ್ತದೆ. ಹಾಗಾಗಿಯೇ ಗುಜರಾತಿನ ಕೆಸರು ತೀರದಲ್ಲಿ, ತಮಿಳುನಾಡಿನ ಮಂಡಪಂನಲ್ಲಿ ನಮ್ಮ ಕರಾವಳಿ ಕಾವಲು ಪಡೆ ದೊಡ್ಡ ಹೋವರ್‌ಕ್ರಾಫ್ಟುಗಳನ್ನು ಇಟ್ಟುಕೊಂಡಿದೆ.

## 200 ಗ್ರಾಂ ಬಲ, ಒಂದೂವರೆ ಕೆಜಿ ಭಾರ

ಮಕ್ಕಳು ತಂದ ಹಲಗೆ 60 ಸೆಂಮೀ ಉದ್ದ, 40 ಸೆಂಮೀ ಅಗಲ. ಮೋಟಾರು, ಬ್ಯಾಟರಿ ಎಲ್ಲ ಸೇರಿ ತೂಕ ಒಂದೂವರೆ ಕೆಜಿ. ಇದನ್ನು ಎತ್ತಲು ಎಷ್ಟು ಗಾಳಿ ಒತ್ತಡ ಬೇಕು?

ಒತ್ತಡ ಅಂದರೆ ಭಾರವನ್ನು ಜಾಗಕ್ಕೆ ಹಂಚಿದ್ದು. ಹಲಗೆಯ ತಳ 2400 ಚದರ ಸೆಂಮೀ. 1500 ಗ್ರಾಮನ್ನು ಅಷ್ಟೂ ಜಾಗಕ್ಕೆ ಹಂಚಿದರೆ ಒಂದು ಚದರ ಸೆಂಮೀ ಪಾಲಿಗೆ ಬರುವುದು 0.6 ಗ್ರಾಂ ಚಿಲ್ಲರೆ. ಒಂದು ಗ್ರಾಮೂ ಇಲ್ಲ! ನಾವು ಬರಿಗಾಲಲ್ಲಿ ನಿಂತಾಗ ಪಾದದ ಅಷ್ಟೇ ಜಾಗದ ಮೇಲೆ ಹೆಚ್ಚುಕಡಿಮೆ 200 ಗ್ರಾಂ ಭಾರ ಬೀಳುತ್ತದೆ.

ಇದು ಎಷ್ಟು ಕಡಿಮೆ ಅಂತ ಮೈಗೆ ತಿಳಿಯಬೇಕಾದರೆ ಒಂದು ಲೋಟ ನೀರು, ಒಂದು ಸ್ಟ್ರಾ ತೆಗೆದುಕೊಳ್ಳಿ. ಸ್ಟ್ರಾದ ತುದಿ ಬರೀ 6 ಮಿಮೀ ಮುಳುಗುವಂತೆ ಹಿಡಿದು ಮೆಲ್ಲಗೆ ಊದಿ. ಗುಳ್ಳೆ ಹೊರಬರುವ ಆ ಗಳಿಗೆಯಲ್ಲಿ ನಿಮ್ಮ ಬಾಯಿ ಕೊಟ್ಟ ಒತ್ತಡವೇ ಈ ಹೋವರ್‌ಕ್ರಾಫ್ಟಿಗೆ ಬೇಕಾದದ್ದು. ಊದಿದ್ದೇ ಗೊತ್ತಾಗುವುದಿಲ್ಲ, ಅಷ್ಟು ಸಣ್ಣದು.

ಈಗ ನನಗೆ ತುಂಬ ಇಷ್ಟವಾದ ಲೆಕ್ಕಕ್ಕೆ ಬರೋಣ. ಗಾಳಿ ಊದುವ ಪ್ರೊಪೆಲ್ಲರ್ 8 ಇಂಚಿನದ್ದು. ಅದು ತಿರುಗುವ ವೃತ್ತದ ಜಾಗ ಸುಮಾರು 324 ಚದರ ಸೆಂಮೀ. ಅಷ್ಟು ಜಾಗದಲ್ಲಿ ಈ ಒತ್ತಡ ಹುಟ್ಟಿಸಲು ಅದು ತಳ್ಳಬೇಕಾದ ಬಲ ಹೆಚ್ಚುಕಡಿಮೆ 200 ಗ್ರಾಂ. ಅದೇ ಒತ್ತಡ ಹಲಗೆಯ ಕೆಳಗೆಲ್ಲ ಹರಡಿದಾಗ ಒಂದೂವರೆ ಕೆಜಿ ಮೇಲೇಳುತ್ತದೆ. ಇಷ್ಟೇ ತೂಕದ ಡ್ರೋನ್ ನೆಲ ಬಿಡಬೇಕಾದರೆ ಅದರ ಪ್ರೊಪೆಲ್ಲರುಗಳು ಒಂದೂವರೆ ಕೆಜಿಗಿಂತ ಜಾಸ್ತಿಯೇ ತಳ್ಳಬೇಕು. ವಾಟರ್ ಸರ್ವೀಸ್ ಅಂಗಡಿಯಲ್ಲಿ ಕಾರನ್ನು ಎತ್ತಿ ನಿಲ್ಲಿಸುವ ಲಿಫ್ಟ್ ನೋಡಿದ್ದೀರಲ್ಲ, ಅಲ್ಲಿ ನಡೆಯುವುದೂ ಇದೇ. ಸಣ್ಣ ಕೊಳವೆಯಲ್ಲಿ ಹುಟ್ಟಿದ ಒತ್ತಡ ದೊಡ್ಡ ಕಂಬದ ತಳಕ್ಕೆ ಹಬ್ಬಿ ಕಾರನ್ನೇ ಎತ್ತುತ್ತದೆ.

## ಬೆಕ್ಕಿನ ಊಟದ ಡಬ್ಬಿ

ಬ್ರಿಟನ್ನಿನ ಇಂಜಿನಿಯರ್ ಕ್ರಿಸ್ಟೋಫರ್ ಕಾಕರೆಲ್ 1950ರ ದಶಕದಲ್ಲಿ ಇದನ್ನು ಪರೀಕ್ಷೆ ಮಾಡಿದ್ದು ಮನೆಯ ಸಾಮಾನಿನಲ್ಲೇ. ಕಾಫಿ ಡಬ್ಬಿಯೊಳಗೆ ಬೆಕ್ಕಿನ ಊಟದ ಖಾಲಿ ಡಬ್ಬಿ ಇಟ್ಟು, ಎರಡರ ನಡುವಿನ ಸಂದಿಯಿಂದ ಗಾಳಿ ಊದಿ, ಕೆಳಗೆ ಅಡುಗೆಮನೆಯ ತಕ್ಕಡಿ ಇಟ್ಟು ನೋಡಿದರು. ಒಂದೇ ಡಬ್ಬಿಯಿಂದ ಊದಿದ್ದಕ್ಕಿಂತ ಹೀಗೆ ಉಂಗುರದಂತೆ ಊದಿದಾಗ ತಕ್ಕಡಿಯ ಮೇಲೆ ಜಾಸ್ತಿ ಭಾರ ಬಿತ್ತು. ಸುತ್ತಲಿನ ಗಾಳಿಯೇ ಪರದೆಯಾಗಿ ಒಳಗಿನ ಗಾಳಿಯನ್ನು ಹಿಡಿದಿಟ್ಟಿತ್ತು.

ಆ ವಿಚಾರದ ಮೇಲೆ ಕಟ್ಟಿದ ಎಸ್‌ಆರ್‌ಎನ್1 ಎಂಬ ವಾಹನ 1959ರ ಜುಲೈ 25ರಂದು ಫ್ರಾನ್ಸಿನ ಕ್ಯಾಲೆಯಿಂದ ಇಂಗ್ಲೆಂಡಿನ ಡೋವರಿಗೆ ಸಮುದ್ರ ದಾಟಿತು. ಕಾಕರೆಲ್ ಕೂಡ ಅದರಲ್ಲಿದ್ದರು. ತೂಕ ಸರಿದೂಗಿಸಲು ಆಚೆ ಈಚೆ ಸರಿಯುವ ಕೆಲಸ ಅವರದ್ದು. ಈ ಮಾತು ನೆನಪಿರಲಿ, ನಮ್ಮ ಅಂಗಳದಲ್ಲಿ ಮತ್ತೆ ಬರುತ್ತದೆ.

ಆಗ ಅದಕ್ಕೆ ಸ್ಕರ್ಟ್, ಅಂದರೆ ಅಂಚಿನ ಸುತ್ತ ಇಳಿಬಿಟ್ಟ ಪರದೆ, ಇರಲಿಲ್ಲ. ಹಾಗಾಗಿ ದೊಡ್ಡ ಅಲೆ ಬಂದರೆ ಕಷ್ಟ. ಬಗ್ಗುವ ಸ್ಕರ್ಟಿನ ಉಪಾಯ ಕೊಟ್ಟವರು ಲ್ಯಾಟಿಮರ್-ನೀಡ್‌ಹ್ಯಾಮ್ ಎಂಬ ಇನ್ನೊಬ್ಬ ಇಂಜಿನಿಯರ್. ಅದು ಬಂದ ಮೇಲೆ ಹೋವರ್‌ಕ್ರಾಫ್ಟ್ ನಿಜವಾಗಿ ಉಪಯೋಗಕ್ಕೆ ಬಂತು. 1968ರಿಂದ 2000ದವರೆಗೆ ಕಾರು, ಜನ ಎಲ್ಲ ತುಂಬಿಕೊಂಡು ಅದೇ ಸಮುದ್ರದಲ್ಲಿ ಓಡಾಡಿತು.

## ಕೊಡೆ ಬಟ್ಟೆಯ ಲಂಗ

ಸ್ಕರ್ಟ್ ಅಂದರೆ ಹಲಗೆಯ ಸುತ್ತ ಇಳಿಬಿಟ್ಟ ಬಟ್ಟೆ. ಲಂಗ ಅಂತಲೇ ಕರೆಯೋಣ. ಅದರ ಕೆಲಸ ಎರಡು. ಹೊಟ್ಟೆಯ ಕೆಳಗಿನ ಗಾಳಿ ಸುಮ್ನೆ ಓಡಿಹೋಗದಂತೆ ತಡೆಯುವುದು, ನೆಲದ ಉಬ್ಬುತಗ್ಗಿಗೆ ತಕ್ಕಂತೆ ಬಗ್ಗುವುದು.

ಆದರೆ ಗಾಳಿಯನ್ನು ಪೂರ್ತಿ ತಡೆಯುವಂತಿಲ್ಲ. ಒಂದಿಷ್ಟೂ ಸೋರದಿದ್ದರೆ ಲಂಗ ನೆಲಕ್ಕೆ ಅಂಟಿಕೊಂಡೇ ಇರುತ್ತದೆ, ಮತ್ತೆ ಘರ್ಷಣೆ. ಜಾಸ್ತಿ ಸೋರಿದರೆ ಒತ್ತಡವೇ ನಿಲ್ಲುವುದಿಲ್ಲ. ಲಂಗದ ಅಂಚಿಗೂ ನೆಲಕ್ಕೂ ನಡುವೆ 2 ಮಿಮೀ ಸಂದು ಇದೆ ಅಂದುಕೊಳ್ಳಿ. ನೋಡಲು ಏನೂ ಅಲ್ಲ. ಆದರೆ ಸುತ್ತಳತೆ ಎರಡು ಮೀಟರ್ ಇದೆ. ಅಷ್ಟುದ್ದದ ಸಂದನ್ನೆಲ್ಲ ಒಟ್ಟು ಮಾಡಿದರೆ ಕಾಫಿ ಲೋಟದ ಬಾಯಿಯಷ್ಟು ದೊಡ್ಡ ತೂತು. ಅದರಿಂದ ಗಾಳಿ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ನುಗ್ಗುತ್ತದೆ. ಸೆಕೆಂಡಿಗೆ ಸುಮಾರು 25ರಿಂದ 40 ಲೀಟರ್, ಅಂದರೆ ಹೆಚ್ಚುಕಡಿಮೆ ಎರಡು ಕೊಡ ಗಾಳಿ ಹೊರಗೆ ಹೋಗುತ್ತಲೇ ಇರುತ್ತದೆ. ಮೋಟಾರು ಅಷ್ಟನ್ನೂ ತುಂಬುತ್ತಲೇ ಇರಬೇಕು. ಸಂದು 4 ಮಿಮೀ ಆಯಿತೋ, ಮೋಟಾರಿನ ಕೆಲಸ ನೇರ ಎರಡರಷ್ಟು.

ಹಾಗಾಗಿ ಮೇಲಕ್ಕೆ ಏಳಿಸಬೇಕು ಅನ್ನುವ ಆಸೆಯನ್ನು ಮಕ್ಕಳು ಮೊದಲು ಬಿಡಬೇಕು. ಚೆನ್ನಾಗಿ ಕಟ್ಟಿದ ಹೋವರ್‌ಕ್ರಾಫ್ಟ್ ನೆಲಕ್ಕೆ ಮುಟ್ಟಿದೆಯೋ ಇಲ್ಲವೋ ಅನ್ನುವಷ್ಟು ಹತ್ತಿರ ಇರುತ್ತದೆ.

ಲಂಗಕ್ಕೆ ಕೊಡೆ ಬಟ್ಟೆಗಿಂತ ಒಳ್ಳೆಯದು ನಮ್ಮ ಕಡೆ ಸಿಗುವುದು ಕಷ್ಟ. ತೆಳ್ಳಗಿದೆ, ಹಗುರ ಇದೆ, ನೀರು ಹಿಡಿಯುವುದಿಲ್ಲ. ಬಟ್ಟೆಯನ್ನು ತುಟಿಗೆ ಒತ್ತಿ ಊದಿ ನೋಡಿದರೆ ಗಾಳಿ ಬಿಡುತ್ತದೋ ಇಲ್ಲವೋ ತಕ್ಷಣ ಗೊತ್ತಾಗುತ್ತದೆ. ನಮ್ಮ ಐದು ಕೊಡೆಯಲ್ಲಿ ಎರಡು ಈ ಪರೀಕ್ಷೆಯಲ್ಲಿ ಫೇಲಾದವು, ಹತ್ತಾರು ಮಳೆಗಾಲ ಕಂಡು ಸವೆದಿದ್ದವು. ಇನ್ನೊಂದು ತೊಡಕೂ ಇತ್ತು. ಕೊಡೆಯ ಬಟ್ಟೆ ಎಂಟು ತ್ರಿಕೋನ ತುಂಡುಗಳನ್ನು ಹೊಲಿದು ಮಾಡಿದ್ದು. ಎರಡು ಮೀಟರಿನ ನೇರ ಪಟ್ಟಿ ಒಂದೇ ತುಂಡಲ್ಲಿ ಸಿಗುವುದಿಲ್ಲ. ಹೊಲಿದರೆ ಸೂಜಿಯ ತೂತುಗಳಲ್ಲೇ ಗಾಳಿ ಹೋಗುತ್ತದೆ. ಅದಕ್ಕೆ ಅಣ್ಣನ ಮಗಳು ಪ್ರತಿ ಹೊಲಿಗೆಯ ಮೇಲೂ ಟೇಪು ಒತ್ತಿ, ಉಗುರಲ್ಲಿ ಉಜ್ಜಿ ಕೂರಿಸಿದಳು. ಮೂಲೆಗಳಲ್ಲಿ ಬಟ್ಟೆ ಮುದ್ದೆಯಾದಾಗ ದಾರಿ ತೋರಿಸಿದ್ದು ಅಮ್ಮ. ಸೀರೆಯ ನೆರಿಗೆ ಹಿಡಿದ ಹಾಗೆ ಸಣ್ಣ ಸಣ್ಣ ನೆರಿಗೆ ಇಟ್ಟು ಕೊಟ್ಟರು.

ಅವರು ಮಾಡಿದ್ದು ಚೀಲದ ಥರದ ಲಂಗ. ಪಟ್ಟಿಯ ಒಂದು ಅಂಚನ್ನು ಹಲಗೆಯ ಹೊರ ಅಂಚಿಗೆ, ಇನ್ನೊಂದನ್ನು ತಳಕ್ಕೆ ಸ್ವಲ್ಪ ಒಳಗೆ ಅಂಟಿಸಬೇಕು. ಗಾಳಿ ಮೊದಲು ಈ ಚೀಲಕ್ಕೆ ಹೋಗಿ, ಅದು ಸೈಕಲ್ ಟ್ಯೂಬಿನಂತೆ ಉಬ್ಬುತ್ತದೆ. ಚೀಲದ ಒಳಮೈಯಲ್ಲಿ ಸಾಲಾಗಿ ತೂತು ಹಾಕಿರುತ್ತಾರೆ. ಅಲ್ಲಿಂದ ಗಾಳಿ ಹೊಟ್ಟೆಯ ಕೆಳಗೆ ಇಳಿಯುತ್ತದೆ.

ಅಂಟಿನ ಬಗ್ಗೆ ಒಂದು ಮಾತು. ಕ್ಷಣದಲ್ಲಿ ಹಿಡಿಯುವ ಕ್ವಿಕ್ ಗಮ್ಮನ್ನು ಥರ್ಮಾಕೋಲ್‌ಗೆ ಹಾಕಬಾರದು, ಅದು ಥರ್ಮಾಕೋಲನ್ನೇ ಕರಗಿಸುತ್ತದೆ. ನಮ್ಮ ಕಣ್ಣೆದುರೇ ಒಂದು ಮೂಲೆ ಗುಳಿ ಬಿದ್ದು ಕೂತಿತು. ಪಾಪ, ಹುಡುಗರ ಮುಖ ಸಣ್ಣಗಾಯಿತು. ಮರಕ್ಕೆ ಹಾಕುವ ಬಿಳಿ ಅಂಟು ನಿಧಾನ, ಆದರೆ ಅದಕ್ಕೆ ಈ ದೋಷ ಇಲ್ಲ.

## ಒಳಗಿನ ಸಾಮಾನು

ಎತ್ತಲು ಒಂದು ಮೋಟಾರು, ಮುಂದೆ ತಳ್ಳಲು ಒಂದು. ಎರಡೂ ಬ್ರಷ್‌ಲೆಸ್ ಮೋಟಾರು, ಅಂದರೆ ಒಳಗೆ ಉಜ್ಜುವ ಬ್ರಷ್ ಇಲ್ಲದ್ದು. ಮೇಲೆ 1000 ಕೆವಿ ಅಂತ ಬರೆದಿದ್ದರೆ ಅದು ಕರೆಂಟು ಕಂಬದ ಕೆವಿ ಅಲ್ಲ. ಒಂದು ವೋಲ್ಟ್ ಕೊಟ್ಟರೆ, ಹೊರೆ ಇಲ್ಲದಾಗ, ನಿಮಿಷಕ್ಕೆ 1000 ಸುತ್ತು ಎಂದರ್ಥ. 11.1 ವೋಲ್ಟ್ ಬ್ಯಾಟರಿಗೆ 11,000 ಸುತ್ತು ದಾಟುತ್ತದೆ. ಅಷ್ಟು ವೇಗದ ಪ್ರೊಪೆಲ್ಲರ್ ಬೆರಳು ಕತ್ತರಿಸಬಲ್ಲದು. ಸುತ್ತ ಜಾಲರಿ ಇಲ್ಲದೆ ಚಾಲೂ ಮಾಡಲೇಬಾರದು.

ಬ್ಯಾಟರಿಗೂ ಮೋಟಾರಿಗೂ ನಡುವೆ ಇಎಸ್‌ಸಿ ಎಂಬ ಪುಟ್ಟ ಸರ್ಕ್ಯೂಟ್ ಇರುತ್ತದೆ. ಫ್ಯಾನಿನ ರೆಗ್ಯುಲೇಟರ್ ಇದ್ದ ಹಾಗೆ, ವೇಗ ಎಷ್ಟಿರಬೇಕೆಂದು ನೋಡಿಕೊಳ್ಳುತ್ತದೆ. ರಿಮೋಟಿನಲ್ಲಿ ಮೂರು ಚಾನೆಲ್ ಸಾಕು: ಎತ್ತಲು, ತಳ್ಳಲು, ತಿರುಗಿಸಲು. ಈಗಿನ ರಿಮೋಟುಗಳು 2.4 ಗಿಗಾಹರ್ಟ್ಸ್ ಅಲೆಯಲ್ಲಿ ಮಾತಾಡುತ್ತವೆ. ತನ್ನ ರಿಸೀವರ್ ಜೊತೆ ಮೊದಲೇ ಜೋಡಿಯಾಗಿರುವುದರಿಂದ ಪಕ್ಕದ ತಂಡದ ರಿಮೋಟಿಗೆ ನಿಮ್ಮದು ಓಗೊಡುವುದಿಲ್ಲ.

ಮನೆಯವರು ಗಮನ ಇಡಬೇಕಾದ್ದು ಬ್ಯಾಟರಿಯ ಮೇಲೆ. ಇದು ಲಿಥಿಯಂ ಪಾಲಿಮರ್, ಮಕ್ಕಳ ಬಾಯಲ್ಲಿ ಲಿಪೊ. 3.7 ವೋಲ್ಟಿನ ಮೂರು ಸೆಲ್ ಸೇರಿ 11.1 ವೋಲ್ಟ್. ಒಂದೊಂದು ಸೆಲ್ ತುಂಬಿದಾಗ 4.2 ವೋಲ್ಟ್, ಯಾವತ್ತೂ 3ಕ್ಕಿಂತ ಕೆಳಗೆ ಇಳಿಸಬಾರದು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬಾರದು, ಬೆಂಕಿ ಹತ್ತಬಹುದು. ಚಾರ್ಜಿಗೆ ಹಾಕಿ ಮಲಗುವ ಅಭ್ಯಾಸವಂತೂ ಬೇಡವೇ ಬೇಡ. 2200 ಎಂಎಎಚ್ ಬ್ಯಾಟರಿ ಅಂದರೆ 2.2 ಆಂಪಿಯರ್ ಕರೆಂಟನ್ನು ಒಂದು ಗಂಟೆ ಕೊಡಬಲ್ಲದ್ದು. ಅದರಿಂದ 25 ಆಂಪಿಯರ್ ಎಳೆದರೆ ಐದೇ ನಿಮಿಷ, ಕೊನೆಯ ಪಾಲನ್ನು ಉಳಿಸಬೇಕಾದ್ದರಿಂದ ನಾಲ್ಕೇ ಅನ್ನಿ.

## ಎತ್ತುವುದು ಸುಲಭ, ತಿರುಗಿಸುವುದು ಕಷ್ಟ

ಮಧ್ಯಾಹ್ನ ಮೊದಲ ಸಲ ಚಾಲೂ ಮಾಡಿದರು. ಲಂಗ ಪಟಪಟ ಅಂತ ಉಬ್ಬಿತು. ಹಿಂಭಾಗ ಎದ್ದಿತು, ಮೂಗು ನೆಲಕ್ಕೆ ಒತ್ತಿಕೊಂಡೇ ಇತ್ತು. ಬ್ಯಾಟರಿಯನ್ನು ಮುಂದೆ ಕೂರಿಸಿದ್ದರು, ಇಡೀ ಗಾಡಿಯಲ್ಲಿ ಅದರದ್ದೇ ತೂಕ ಜಾಸ್ತಿ. ಅದನ್ನು ಒಂದೊಂದೇ ಬೆರಳು ಹಿಂದೆ ಸರಿಸುತ್ತಾ ಹೋದರು. ಕಾಕರೆಲ್ ಅಂದು ತಾನೇ ಎದ್ದು ಮಾಡಿದ ಕೆಲಸ ಇಲ್ಲಿ ಬ್ಯಾಟರಿಯ ಪಾಲಿಗೆ ಬಂತು. ಭಾರದ ನಡು ಹಲಗೆಯ ನಡುವಿಗಿಂತ ಚೂರು ಹಿಂದೆ ಇರಬೇಕು. ತಳ್ಳುವ ಪ್ರೊಪೆಲ್ಲರ್ ಎತ್ತರದಲ್ಲಿ ಇರುವುದರಿಂದ ಅದು ತಳ್ಳಿದಾಗಲೆಲ್ಲ ಮೂಗು ಬಗ್ಗುತ್ತದೆ.

ಎರಡನೇ ಸಲ ಸಮನಾಗಿ ಎದ್ದಿತು. ಎದ್ದದ್ದೇ ತನ್ನಷ್ಟಕ್ಕೆ ಬುಗುರಿಯ ಹಾಗೆ ನಿಧಾನ ತಿರುಗತೊಡಗಿತು. ಎತ್ತುವ ಪ್ರೊಪೆಲ್ಲರ್ ಒಂದು ಕಡೆ ತಿರುಗಿದರೆ ಉಳಿದ ಮೈ ಎದುರು ಕಡೆ ತಿರುಗಲು ನೋಡುತ್ತದೆ. ನೆಲದ ಮೇಲಿದ್ದರೆ ಘರ್ಷಣೆ ಹಿಡಿದುಕೊಳ್ಳುತ್ತದೆ, ಗಾಳಿಯ ಮೇಲೆ ಹಿಡಿಯುವವರೇ ಇಲ್ಲ. ಪ್ರೊಪೆಲ್ಲರಿನ ಕೆಳಗೆ ನಾಲ್ಕು ಓರೆ ರಟ್ಟಿನ ಪಟ್ಟಿ ನಿಲ್ಲಿಸಿದ ಮೇಲೆ ಸುತ್ತಾಟ ಬಹುಪಾಲು ನಿಂತಿತು. ಸುರುಳಿ ಸುತ್ತುವ ಗಾಳಿಯನ್ನು ಆ ಪಟ್ಟಿಗಳು ನೇರ ಮಾಡುತ್ತವೆ.

ಮೂರನೇ ಸಲ ಯಾರೂ ತಳ್ಳದೆಯೇ ಮೆಲ್ಲಗೆ ಅಂಗಳದ ಮೂಲೆಯ ಚರಂಡಿಯತ್ತ ಹೊರಟಿತು! ಮಳೆನೀರು ಹರಿದು ಹೋಗಲೆಂದು ನಮ್ಮ ಅಂಗಳಗಳನ್ನು ಒಂದು ಕಡೆಗೆ ಇಳಿಜಾರು ಮಾಡಿರುತ್ತಾರಲ್ಲ, ಆ ವಾಟ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಇದಕ್ಕೆ ಕಾಣುತ್ತದೆ.

ರಿಮೋಟು ಹಿಡಿದವರಿಗೆ ನಿಜವಾದ ಪರೀಕ್ಷೆ ಇರುವುದು ಇಲ್ಲೇ. ಬೈಕ್ ತಿರುಗುವುದು ಟೈರು ರಸ್ತೆಯನ್ನು ಕಚ್ಚಿ ಹಿಡಿಯುವುದರಿಂದ. ಇಲ್ಲಿ ಕಚ್ಚುವುದೇ ಇಲ್ಲ. ಹಿಂದೆ ಇರುವ ಚುಕ್ಕಾಣಿ ಹಲಗೆ ಪ್ರೊಪೆಲ್ಲರಿನ ಗಾಳಿಯನ್ನು ಓರೆ ಮಾಡಿದಾಗ ಮೂಗು ತಿರುಗುತ್ತದೆ, ಆದರೆ ಗಾಡಿ ಮೊದಲಿನ ದಿಕ್ಕಿಗೇ ಅಡ್ಡಡ್ಡ ಜಾರುತ್ತಾ ಹೋಗುತ್ತದೆ. ಹೊಸ ದಿಕ್ಕಿಗೆ ತಳ್ಳಿ ತಳ್ಳಿ ಹಳೆಯ ಓಟವನ್ನು ಕೊಲ್ಲಬೇಕು. ಹಾಗಾಗಿ ತಿರುವು ಬರುವ ಮುಂಚೆಯೇ ತಿರುಗಿಸಲು ಶುರು ಮಾಡಬೇಕು. ತಳ್ಳುವ ಮೋಟಾರು ನಿಲ್ಲಿಸಿದರೆ ಚುಕ್ಕಾಣಿಗೆ ಗಾಳಿಯೇ ಇಲ್ಲ, ಅದೂ ಕೆಲಸ ಮಾಡುವುದಿಲ್ಲ. ಹೆದರಿ ವೇಗ ಕಡಿಮೆ ಮಾಡಿದವರೇ ಗೋಡೆಗೆ ಹೊಡೆಯುವುದು ಇದರಿಂದ. ಬ್ರೇಕು ಬೇಕಾದರೆ ಎರಡು ದಾರಿ: ಪೂರ್ತಿ ಹಿಂದೆ ತಿರುಗಿಸಿ ಎದುರು ತಳ್ಳುವುದು, ಇಲ್ಲವೇ ಎತ್ತುವ ಮೋಟಾರು ಇಳಿಸಿ ಹೊಟ್ಟೆಯನ್ನು ನೆಲಕ್ಕೆ ಕೂರಿಸುವುದು.

ಸಂಜೆಯವರೆಗೂ ನಾಲ್ವರೂ ಸರದಿಯಲ್ಲಿ ಓಡಿಸಿದರು. ನಮ್ಮ ಹುಡುಗಿಗಿಂತ ಅವಳ ಗೆಳತಿಯ ಕೈ ಚೆನ್ನಾಗಿ ಕೂತಿತು. ಸ್ಪರ್ಧೆಯ ದಿನ ಅವಳೇ ಓಡಿಸಬೇಕೆಂದು ಅಲ್ಲೇ ತೀರ್ಮಾನವಾಯಿತು.

## ಕೆರೆಗೆ ಇಳಿಸಿದಾಗ

ಸ್ಪರ್ಧೆಯ ನಿಯಮ ಒಂದೊಂದು ಕಡೆ ಒಂದೊಂದು ಥರ, ಆದರೆ ನೆಲ ಮತ್ತು ನೀರು ಎರಡರ ಮೇಲೂ ಓಡಿಸಬೇಕು ಅನ್ನುವುದು ಮಾಮೂಲಿ. ಮಾರನೆ ದಿನ ಗದ್ದೆ ಬದಿಯ ಕೆರೆಗೆ ಹೋದೆವು. ನೀರು ಹಿಂದೆ ಸರಿದು ದಡದಲ್ಲಿ ಕೆಸರು ಬಿದ್ದಿತ್ತು. ರಿಸೀವರನ್ನು ಬಲೂನಿನೊಳಗೆ ತುರುಕಿ ಬಾಯಿ ಕಟ್ಟಿದರು. ನಡುವೆ ನಿಂತರೆ ಎಳೆದುಕೊಳ್ಳಲು ಹಿಂಬದಿಗೆ ಗಾಳದ ದಾರ ಕಟ್ಟಿದರು.

ನೀರಿನ ಮೇಲೆ ನಿಂತ ಹೋವರ್‌ಕ್ರಾಫ್ಟ್ ತನ್ನ ಕೆಳಗೆ ನೀರನ್ನು ತಗ್ಗಿಸುತ್ತದೆ. ಸ್ಟ್ರಾದಲ್ಲಿ ಊದಿದೆವಲ್ಲ, ಅದೇ 6 ಮಿಮೀ. ಹೊರಟಾಗ ಆ ತಗ್ಗು ಜೊತೆಗೇ ಬರಬೇಕು, ಮುಂದೆ ಅಲೆ ಏಳುತ್ತದೆ. ಇಷ್ಟು ಪುಟ್ಟ ಗಾಡಿಗೆ ಹೆಚ್ಚುಕಡಿಮೆ ನಾವು ನಡೆಯುವ ವೇಗದಲ್ಲಿ ಈ ಅಲೆಯ ತಡೆ ಎಲ್ಲಕ್ಕಿಂತ ಜಾಸ್ತಿ. ರಸ್ತೆಯ ಹಂಪಿನಂತೆ ಅದನ್ನು ಒಮ್ಮೆ ಹತ್ತಿ ಇಳಿದರೆ ಆಮೇಲೆ ಸಲೀಸು. ಮೊದಲ ಸಲ ನೀರಲ್ಲೇ ಶುರು ಮಾಡಿದರು. ಮೂಗು ಎತ್ತಿಕೊಂಡು, ನೀರು ಎರಚುತ್ತಾ ಅಲ್ಲೇ ಏಗಿತು, ಮುಂದೆ ಹೋಗಲಿಲ್ಲ. ದಾರ ಎಳೆದು ತಂದರು. ಎರಡನೇ ಸಲ ಕೆಸರಿನ ಮೇಲಿಂದಲೇ ಪೂರ್ತಿ ವೇಗ ಕೊಟ್ಟು ಬಿಟ್ಟರು. ಕೆಸರು ಮುಗಿದು ನೀರು ಶುರುವಾದ ಜಾಗ ಅದಕ್ಕೆ ಗೊತ್ತೇ ಆಗಲಿಲ್ಲ. ಆಚೆ ದಡದವರೆಗೂ ಹೋಯಿತು.

ಮೂರು ಸುತ್ತು ಆದ ಮೇಲೆ ಓಟ ಭಾರವಾಯಿತು. ಬ್ಯಾಟರಿ ಇನ್ನೂ ಇತ್ತು. ಮನೆಗೆ ತಂದು ತಕ್ಕಡಿಗೆ ಇಟ್ಟರೆ ಒಂದೂವರೆ ಕೆಜಿಯ ಗಾಡಿ 1.9 ಕೆಜಿ ತೂಗಿತು. ಲಂಗದ ತೂತುಗಳಿಂದ ನೀರು ಒಳಗೆ ಹೋಗಿ ಚೀಲದಲ್ಲೇ ನಿಂತಿತ್ತು. ಅಣ್ಣನ ಮಗಳು ಲಂಗವನ್ನು ಬೆಳಕಿಗೆ ಎತ್ತಿ ಹಿಡಿದು ನೋಡಿದಳು, ಹಿಂದಿನ ಮೂಲೆಯಲ್ಲಿ ನೀರು ಜೋತು ಬಿದ್ದಿತ್ತು. ಅಮ್ಮನ ಕತ್ತರಿ ತೆಗೆದುಕೊಂಡು ಅಲ್ಲೇ ಕೆಳಗೆ ಕಾಳುಮೆಣಸಿನಷ್ಟು ತೂತು ಮಾಡಿದಳು. ನೀರು ಸಣ್ಣ ಧಾರೆಯಾಗಿ ಜಗಲಿಯಿಂದ ಅಂಗಳಕ್ಕೆ ಇಳಿಯಿತು.